ಏಣಿಯ ಬುಡದ ಡೊಮಿನಿಕ್

ತಿಪಟೂರಿನ ತನ್ನ ಹೊಲಿಗೆ ಅಂಗಡಿಯಲ್ಲಿ ತರನ್ನುಮ್ ಮೆಷಿನ್ ತುಳಿಯುತ್ತಿದ್ದಳು. ಶೆಟ್ಟಿಕೆರೆಯ ಭೀಮರಾಜು ಹೆಂಡತಿ ಮಂಜಮ್ಮನ ರವಿಕೆಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದ. ಮೂಲೆಯಲ್ಲಿ ತರನ್ನುಮಳ ಗಂಡ ರಯೀಸ್ ತೂಕಡಿಸುತ್ತಿದ್ದ. ಅನಿಲ ಸಾಗಿಸುವ ಬ್ರಿಟಿಷ್ ಹಡಗೊಂದರಲ್ಲಿ ಅವನಿಗೆ ಬಾಯ್ಲರ್ ಕೋಣೆಯ ಕೆಲಸ. ಈ ಕಾಲದಲ್ಲೂ ಹಬೆಯಿಂದಲೇ ಓಡುವ ಮುದಿ ಹಡಗು ಅದು. ರಜಕ್ಕೆ ಊರಿಗೆ ಬಂದಮೇಲೂ ಅವನ ನಿದ್ದೆ ಪಾಳಿ ನೋಡಿಕೊಂಡೇ ಬರುತ್ತಿತ್ತು, ಪಾಳಿ ನೋಡಿಕೊಂಡೇ ಓಡುತ್ತಿತ್ತು.

“ಲೇ ರಯೀಸಾ, ಆ ಡೊಮಿನಿಕ್‌ನ ಮಾಡ್ಲಾ ಒಂದ್ಸಲ,” ಎಂದ ಭೀಮರಾಜು.

“ಸುಸ್ತು ಕಣ್ಲಾ, ಬುಡು.”

“ಬಾಯಾಡ್ಸಕ್ಕೂ ಸುಸ್ತಾ?”

ರಯೀಸ್ ಎದ್ದ. ಮೊದಲು ಬಾಯ್ಲರ್ ಆಗಿ ಕೆನ್ನೆಯುಬ್ಬಿಸಿ ಬುಸುಗುಟ್ಟಿದ. ಆಮೇಲೆ ತನ್ನ ಜೊತೆ ಪಾಳಿ ಬದಲಿಸುವ ಗೋವಾದ ಡೊಮಿನಿಕ್ ಆದ. ಹಡಗಿನಲ್ಲಿ ಬದಲಿ ಆಳು ಇಳಿದು ಬರುವ ತನಕ ಯಾರೂ ಬಾಯ್ಲರ್ ಬಿಟ್ಟು ಮೇಲೇರುವಂತಿಲ್ಲ. ರಯೀಸನ ಹೆಜ್ಜೆ ಕೇಳಿದೊಡನೆ, ಬೆವರಿ ಬೆಂಡಾದ ಡೊಮಿನಿಕ್ ಏಣಿಯ ಬುಡದಿಂದ ಮೂಗಿನಲ್ಲಿ ರಾಗ ಎಳೆಯುತ್ತಿದ್ದ: ಬರ್ತಿದ್ದೀಯಾ ಅಂತ.

“ರಯೀಸ್ ಭಾಯ್, ಆ ರಹೇ ಕ್ಯಾ?”

ಭೀಮರಾಜು ಬಿದ್ದು ಬಿದ್ದು ನಕ್ಕ. ದಾರ ಕಚ್ಚಿಕೊಂಡಿದ್ದ ತರನ್ನುಮಳಿಗೂ ನಗು ತಡೆಯಲಿಲ್ಲ.

“ಅಕ್ಕಾ, ಈ ಸಲ ನಿಮ್ಮೆಜಮಾನ್ರು ಹಬ್ಬಕ್ಕೋ, ಹಬೆಗೋ?”

“ಹಬ್ಬಕ್ಕೇ ಕಣಣ್ಣ. ಮಾತು ಕೊಟ್ಟವ್ರೆ. ಹೋದ ಈದ್‌ಗೂ ಇರ್ನಿಲ್ಲ, ಅದಕ್ಕೆ ಮುಂಚಿಂದಕ್ಕೂ ಇರ್ನಿಲ್ಲ.”

ಫೋನು ಬಡಿದುಕೊಂಡಿತು. ಬೇಗ ವಾಪಸು ಬಾ ಎಂದು ಪೀಡಿಸುತ್ತಿದ್ದ ಮುಂಬೈ ಏಜೆಂಟ್ ಇರಬೇಕೆಂದು ರಯೀಸ್ ಬಾಯಲ್ಲಿ “ಆಗಲ್ಲ” ಇಟ್ಟುಕೊಂಡೇ ಸ್ಪೀಕರ್ ಒತ್ತಿದ. ಮಾತಾಡಿದ್ದು ಡೊಮಿನಿಕ್. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಬದಲಿ ಆಳಿಲ್ಲದೆ ಹಡಗಿನಿಂದ ಇಳಿಸುವುದಿಲ್ಲ ಅನ್ನುತ್ತಿದ್ದಾರೆ ಎಂದು ಹಿಂದಿಯಲ್ಲಿ ತೊದಲಿದ. ಕೊನೆಗೆ ಅದೇ ರಾಗ ಎಳೆದ:

“ರಯೀಸ್ ಭಾಯ್, ಆ ರಹೇ ಕ್ಯಾ?”

ಭೀಮರಾಜು ಅಭ್ಯಾಸಬಲದಿಂದ ನಗಲು ಹೋದ. ರಯೀಸನ ತುಟಿ ಅಲುಗಾಡಿರಲಿಲ್ಲ. ನಗು ಅಲ್ಲೇ ನಿಂತಿತು.

ರಯೀಸ್ ಹೆಂಡತಿಯ ಮುಖ ನೋಡಿದ. ಮೆಷಿನ್ ನಿಂತಿತ್ತು.

“ಈದ್‌ಗೆ ನಿಮ್ಮ ಜುಬ್ಬದ ಬಟ್ಟೆ ಕತ್ತರಿಸಾಗಿತ್ತು,” ಎಂದಳು ತರನ್ನುಮ್, ಗೋಡೆಗೆ ಹೇಳಿದಂತೆ. ಆಮೇಲೆ, “ಹೂಂ ಅನ್ನಿ. ಕಾಯೋದು ಅಂದ್ರೇನು ಅಂತ ನಂಗೊತ್ತು.”

“ಆ ರಹಾ ಹೂಂ,” ಎಂದ ರಯೀಸ್, ಯಾರ ದನಿಯನ್ನೂ ಮಾಡದೆ.

ಅವನು ಮತ್ತೆ ಗೋಡೆಗೊರಗಿ ಕಣ್ಣು ಮುಚ್ಚಿದ. ಭೀಮರಾಜು ಏನೋ ಹೇಳಲು ಬಾಯಿ ತೆರೆದಾಗ ತರನ್ನುಮ್ ತುಟಿಯ ಮೇಲೆ ಬೆರಳಿಟ್ಟಳು. ಗಂಡನ ಕಡೆಗಿದ್ದ ದೀಪ ಆರಿಸಿ, ಮೆಷಿನ್ ಸದ್ದಾಗದಂತೆ, ರವಿಕೆಯ ಉಳಿದ ಹೊಲಿಗೆಯನ್ನು ಕೈಯಲ್ಲೇ ಹಾಕತೊಡಗಿದಳು.