ಸಾಹೇಬರು ಬರುವವರೆಗೆ

ಛಲ ಮುಗಿಯುತ್ತ ಬಂದಿತ್ತು. ಸಾಹೇಬರು ಮಾತ್ರ ಇನ್ನೂ ಹುಲಿಯೂರುದುರ್ಗದ ಮದುವೆಮನೆ ಬಿಟ್ಟಿರಲಿಲ್ಲ.

ಭಾನುಪ್ರಕಾಶ ಮೈಕಿನ ಕತ್ತು ಹಿಡಿದುಕೊಂಡು ಕುಣಿಗಲ್ ಶಾಲೆಯ ಸಭಾಂಗಣದ ಬಾಗಿಲ ಕಡೆ ನೋಡಿದ. ಅಲ್ಲಿ ನಿಂತಿದ್ದ ಕಾರ್ಯದರ್ಶಿ ರೇಣುಕಾಪ್ರಸಾದ್ ಕಿವಿಯ ಫೋನು ತೆಗೆಯದೆಯೇ, ಇನ್ನೊಂದು ಕೈಯಿಂದ ಗಾಳಿಯಲ್ಲಿ ಹಗ್ಗ ಎಳೆದು ತೋರಿಸಿದರು. ಎಳೀರಿ ಎಂದರ್ಥ. ವಿದ್ಯಾಸಂಸ್ಥೆಯ ಅಧ್ಯಕ್ಷರು, ಅಂದರೆ ಸಾಹೇಬರು, ಬರುವವರೆಗೆ ಭಾಷಣ ಎಳೆಯುವುದು ಇಲ್ಲಿಯ ಪದ್ಧತಿ. ದೀಪವನ್ನು ಅವರೇ ಹಚ್ಚಬೇಕು. ಅಲ್ಲಿಯವರೆಗೆ ಮಕ್ಕಳು ಎದ್ದು ಹೋಗಬಾರದು. ಹಾಗಾಗಿ ಉದ್ಘಾಟನೆಗೆ ಮೊದಲೇ ಯಾರಾದರೊಬ್ಬ ಮಾತಾಡುತ್ತಲೇ ಇರಬೇಕು.

‘ಯಶಸ್ಸಿಗೆ ಬೇಕಾದ ಐದು ಗುಣಗಳು’ ಎಂದು ಬ್ಯಾನರಿನಲ್ಲಿತ್ತು. ಗುರಿ, ಶಿಸ್ತು, ತಾಳ್ಮೆ, ಸಮಯಪಾಲನೆ, ಛಲ. ಸಮಯಪಾಲನೆಯ ಬಗ್ಗೆ ಅವನು ಮನಮುಟ್ಟುವಂತೆ ಹೇಳುವಾಗ ಕಾರ್ಯಕ್ರಮ ಎರಡು ಗಂಟೆ ತಡವಾಗಿತ್ತು. ಯಾರೂ ನಗಲಿಲ್ಲ.

ಛಲವನ್ನು ಅವನು ಸಾಹೇಬರಿಗೆಂದೇ ಎತ್ತಿಟ್ಟಿದ್ದ. ಅದನ್ನು ಕೇಳಿ ಅವರು ತಲೆದೂಗಬೇಕು, ಅದೇ ಹೊತ್ತಿಗೆ ರೇಣುಕಾಪ್ರಸಾದ್ ಬಗ್ಗಿ ‘ನಮ್ ಗುಬ್ಬಿ ಕಾಲೇಜಿನವ್ರೇ ಸಾರ್, ಖಾಯಂ ಮಾಡ್ಬೇಕಿತ್ತು’ ಎನ್ನಬೇಕು ಎಂದು ಮಾತಾಗಿತ್ತು. ಹದಿಮೂರು ವರ್ಷದಿಂದ ಅವನು ಅಲ್ಲಿ ಅತಿಥಿ ಉಪನ್ಯಾಸಕ. ಅಷ್ಟು ವರ್ಷ ಉಳಿದ ಅತಿಥಿಯನ್ನು ಯಾರಾದರೂ ಮನೆಯವನನ್ನಾಗಿ ಮಾಡಿಕೊಳ್ಳುತ್ತಾರೆ, ಇಲ್ಲವೇ ಕತ್ತು ಹಿಡಿದು ದಬ್ಬುತ್ತಾರೆ. ಸಂಸ್ಥೆ ಎರಡನ್ನೂ ಮಾಡಿರಲಿಲ್ಲ.

ಬೆಳಿಗ್ಗೆ ಶೆಟ್ಟಿಹಳ್ಳಿಯ ಮನೆಯಲ್ಲಿ ಹೆಂಡತಿ ಬಿಂದುಶ್ರೀ ಇಸ್ತ್ರಿ ಅಂಗಿ ಕೊಡುತ್ತ ಕೇಳಿದ್ದಳು:

“ಇವತ್ತಾದ್ರೂ ನೀವೇ ಬಾಯ್ಬಿಟ್ಟು ಕೇಳ್ತೀರಾ?”

“ನೋಡೋಣ.”

“ಊರಿಗೆಲ್ಲ ಛಲ ಹೇಳ್ಕೊಡ್ತೀರ.”

“ಕುಣಿಗಲ್ ಬಸ್ಸಿಗೆ ಹೊತ್ತಾಯ್ತು ಕಣೇ.”

ಈಗ ಛಲವೂ ಖಾಲಿಯಾಯಿತು. ರೇಣುಕಾಪ್ರಸಾದ್ ಮತ್ತೆ ಹಗ್ಗ ಎಳೆದರು.

“ಆರನೆಯ ಗುಣ,” ಎಂದ. ಮಕ್ಕಳು ತಕರಾರಿಲ್ಲದೆ ಪುಟ ತಿರುವಿದರು. ಆರನೆಯದು ನಗುಮುಖ. ಏಳನೆಯದು ಊಟವನ್ನು ಚೆನ್ನಾಗಿ ಅಗಿದು ನುಂಗುವುದು. ಎಂಟನೆಯದಕ್ಕೆ ಏನೂ ಹೊಳೆಯದೆ ತನ್ನ ಕೈ ನೋಡಿಕೊಂಡು, ವಾರಕ್ಕೊಮ್ಮೆ ಉಗುರು ಕತ್ತರಿಸುವುದು ಎಂದ. ಅದನ್ನೂ ಬರೆದುಕೊಂಡರು. ಅವನಿಗೆ ಹೆದರಿಕೆಯಾಯಿತು. ಅವನ ದನಿಯೇ ಹಿಂದಿನ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಯಾರಪ್ಪಾ ಇವನು, ಹಿಂಗೆ ಕೊರೀತಾನೆ, ಯಾರಾದ್ರೂ ಕೂರಿಸಬಾರದೆ ಎಂದುಕೊಂಡ.

ಒಂಬತ್ತನೆಯದಾಗಿ ಏನು ಹೇಳಿದನೋ ಅವನಿಗೇ ತಿಳಿಯಲಿಲ್ಲ. ಆಮೇಲೆ ಬಾಯಿ ತಾನಾಗಿಯೇ ಆಡಿಬಿಟ್ಟಿತು.

“ಈ ಗುಣಗಳೆಲ್ಲ ಇರುವ ಒಬ್ಬ ಮನುಷ್ಯನನ್ನು ನಾನು ಬಲ್ಲೆ. ಉಗುರು ಕೂಡ ಕತ್ತರಿಸುತ್ತಾನೆ. ಅವನಿಂದ ಏನೂ ಆಗಲಿಲ್ಲ.”

ಇಷ್ಟು ವರ್ಷದಲ್ಲಿ ಮೊದಲ ಸಲ ಮೈಕಿನ ಮುಂದೆ ನಿಜ ಹೇಳಿದ್ದ, ಅಳು ಬಂದಂತಾಗಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿದಳು.

“ಸಾರ್, ಇದು ಹತ್ನೇ ಪಾಯಿಂಟಾ?”

“ಹೌದಮ್ಮ,” ಎಂದ. “ಬರ್ಕೋ.”

ಆಗಲೇ ಹೊರಗೆ ಕಾರಿನ ಹಾರನ್ ಕೇಳಿಸಿತು. ರೇಣುಕಾಪ್ರಸಾದ್ ಹಾರ ಹಿಡಿದು ಓಡಿದರು, ಮೇಷ್ಟ್ರುಗಳು ಅವರ ಹಿಂದೆ, ಮಕ್ಕಳು ಮೇಷ್ಟ್ರುಗಳ ಹಿಂದೆ. ಭಾನುಪ್ರಕಾಶ ಕಾಲರ್ ಸರಿಮಾಡಿಕೊಂಡು, ಛಲವನ್ನು ಮೊದಲಿನಿಂದ ಹೇಳಲು ಗಂಟಲು ಸರಿಪಡಿಸಿಕೊಂಡು ಕಾದ. ಯಾರೂ ಬರಲಿಲ್ಲ. ಪಲಾವಿನ ವಾಸನೆ ಬಂತು.

ಸ್ವಲ್ಪ ಹೊತ್ತಿಗೆ ರೇಣುಕಾಪ್ರಸಾದ್ ಏದುಸಿರು ಬಿಡುತ್ತ ವೇದಿಕೆಯ ಹತ್ತಿರ ಬಂದರು.

“ಸಾಹೇಬ್ರಿಗೆ ಶುಗರ್ರು. ಸೀದಾ ಊಟಕ್ಕೆ ಕೂತವ್ರೆ. ದೀಪಾನೂ ಅಲ್ಲೇ ಹಚ್ಚಿಸ್ಬುಟ್ವಿ.”

“ನಾನು?”

“ನಿಲ್ಲಿಸ್ಬೇಡಿ ಮತ್ತೆ! ಊಟದ್ ಹಾಲ್‌ಗೂ ಸ್ಪೀಕರ್ ಕೊಟ್ಟಿದೀವಿ. ಎಲ್ಲಾ ಕೇಳಿಸ್ತದೆ.”

“ನನ್ ವಿಷ್ಯ...”

“ಪಾಯ್ಸ ಬರ್ಲಿ, ಹೇಳ್ತೀನಿ.”

ಭಾನುಪ್ರಕಾಶ ಖಾಲಿ ಕುರ್ಚಿಗಳಿಗೆ ಛಲದ ಬಗ್ಗೆ ಮಾತಾಡಿದ. ಬದುಕಿನಲ್ಲಿ ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಸಾಹೇಬರ ಕೈಯ ತುತ್ತು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿದೆ ಎಂದು ಕಲ್ಪಿಸಿಕೊಂಡು ದನಿ ಏರಿಸಿದ, ಇಳಿಸಿದ, ಎರಡು ಕಡೆ ಗದ್ಗದನಾದ. ಹೊಟ್ಟೆ ಹಸಿವಿನಿಂದ ಗುರುಗುಟ್ಟಿದ್ದು ಮೈಕಿನಲ್ಲಿ ಹೋಯಿತು. ಅದನ್ನೂ ಸಾಹೇಬರು ಕೇಳಿಸಿಕೊಂಡಿರಬೇಕು ಎಂದು ನಾಚಿಕೊಂಡ.

ಕಾರು ಹೊರಟ ಸದ್ದಾಯಿತು. ಹಲ್ಲು ಕೆದಕುತ್ತ ರೇಣುಕಾಪ್ರಸಾದ್ ಬಂದರು.

“ಹೋದ್ರಾ?”

“ಚೇಳೂರಲ್ಲಿ ಇನ್ನೊಂದ್ ಫಂಕ್ಷನ್ನು.”

“ನನ್ ವಿಷ್ಯ?”

“ಹೇಳ್ದೆ, ಹೇಳ್ದೆ ಇರ್ತೀನಾ? ‘ಅವ್ರಿನ್ನೂ ಮಾತಾಡ್ತಾವ್ರಲ್ರೀ, ಮುಗೀಲಿ, ಆಮೇಲ್ ನೋಡೋಣ’ ಅಂದ್ರು.”

“ನೀವೇ ನಿಲ್ಲಿಸ್ಬೇಡಿ ಅಂದ್ರಿ.”

“ಅಂದೆ,” ಎಂದರು ರೇಣುಕಾಪ್ರಸಾದ್. “ಊಟ ಮಾಡಿ ಹೋಗಿ ಸಾರ್. ಪಲಾವ್ ಇರ್ಬೇಕು ತಳದಲ್ಲಿ.”

ಅವರು ಹೋದ ಮೇಲೆ ಶಾಮಿಯಾನದ ತಿಮ್ಮೇಶ್ ಬಂದು ವೈರು ಸುತ್ತತೊಡಗಿದ. ಭಾನುಪ್ರಕಾಶ ಮೈಕಿನ ಮುಂದೆ ಹಾಗೇ ನಿಂತಿದ್ದ. ಇಳಿದುಹೋದರೆ ಮುಗಿಯಿತು ಎಂದಾಗುತ್ತದೆ. ಮುಗಿದದ್ದನ್ನು ಸಾಹೇಬರಿಗೆ ತಿಳಿಸುವವರು ಮಾತ್ರ ಯಾರೂ ಇರಲಿಲ್ಲ.

“ಮುಗೀತಾ ಸಾರ್?” ಎಂದು ತಿಮ್ಮೇಶ್ ಕೇಳಿದ.

“ಇನ್ನೊಂದು ಪಾಯಿಂಟ್ ಇದೆ.”

“ಹೇಳ್ಕಳಿ, ನಂದೇನಿಲ್ಲ,” ಎಂದು ತಿಮ್ಮೇಶ್ ಪ್ಲಗ್ಗು ಕಿತ್ತ.

“ಹನ್ನೊಂದನೆಯ ಗುಣ,” ಎಂದು ಭಾನುಪ್ರಕಾಶ ಬರೀ ಗಂಟಲಲ್ಲಿ ಕೂಗಿದ. ತಿಮ್ಮೇಶ್ ಹಿಂದಿನ ಸಾಲಿನಿಂದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ ಬಂದ. ಸಾಲು ಸಾಲಾಗಿ, ಆಳೆತ್ತರಕ್ಕೆ, ಕುರ್ಚಿಗಳು ಅವನ ಗೌರವಾರ್ಥ ಎದ್ದು ನಿಂತವು.