ಗಂಗರಾಜು ಕೇಳಿದ ಔಷಧಿ

ಅರವತ್ತು ದಾಟಿದ ಮೇಲೆ ದಿಬ್ಬೂರಹಳ್ಳಿಯ ಗಂಗರಾಜುವಿಗೆ ಕಾಮದ ಕಾಟ ಹತ್ತಿಕೊಂಡಿತು. ಹೆಂಡತಿ ಮಂಗಮ್ಮ ಬೇಸತ್ತು ಬೇರೆ ಕೋಣೆಯಲ್ಲಿ ಮಲಗತೊಡಗಿದಳು. ಅವನು ಚಿಕ್ಕಬಳ್ಳಾಪುರಕ್ಕೆ ಹೋಗಿ, ಆಸೆ ಇಳಿಸುವ ಔಷಧಿ ಕೊಡಿ ಎಂದು ಡಾಕ್ಟರನ್ನು ಕೇಳಿದ.

ಡಾಕ್ಟರು ನಕ್ಕರು. "ಈ ವಯಸ್ಸಲ್ಲಿ ಇದು ವರ ಕಣ್ರೀ!"

"ವರ ಆದ್ರೆ ನೀವೇ ಇಟ್ಕೊಳ್ಳಿ ಸಾರ್. ನನ್ನ ಮೈ ನನ್ನ ಮಾತೇ ಕೇಳ್ತಿಲ್ಲ. ಜ್ವರ ಅಂತ ಬಂದಿದ್ರೆ ನಗ್ತಿದ್ರಾ? ಔಷಧಿ ಕೊಡೋವರೆಗೂ ನಾನು ಏಳಲ್ಲ."

ಡಾಕ್ಟರ ನಗು ನಿಂತಿತು. ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ವಿಚಾರಿಸಿದರು. ಕೈನಡುಕಕ್ಕೆ ನುಂಗುತ್ತಿದ್ದ ಮಾತ್ರೆಯೇ ಆಸೆ ಕೆರಳಿಸಿತ್ತು. ಅದನ್ನು ಬದಲಿಸಿದ ಮೇಲೆ ಕಾಟ ನಿಧಾನವಾಗಿ ತಗ್ಗಿತು.

ಸುದ್ದಿ ಊರಿಗೆ ಮುಟ್ಟಿತು. "ಆಸೆ ಇಳಿಸ್ಕೊಂಡು ಬಂದ್ಯಂತೆ?" ಎಂದು ಟೀ ಅಂಗಡಿಯಲ್ಲಿ ಮುನಿವೆಂಕಟಪ್ಪ ಕಿಚಾಯಿಸಿದ.

"ಹೌದಪ್ಪ, ನಾನೇ ಕೇಳಿ ಇಳಿಸ್ಕೊಂಡೆ," ಎಂದು ಗಂಗರಾಜು ಎಲ್ಲರಿಗೂ ಕೇಳುವಂತೆ ಹೇಳಿದ. "ಈಗ ನೆಮ್ಮದಿಯಾಗಿದ್ದೀನಿ."