ಪೆನ್ನಿನ ತುದಿಯ ದೀಪ

"ಹ್ವಾಯ್, ಒಂದ್ ಹಳೇ ರಿಮೋಟಿನ ಬಲ್ಬ್ ಇದ್ರೆ ಕೊಡಿ ಕಾಂಬ" ಎನ್ನುತ್ತ ಶ್ರೀಲತಾ ಹೆಗಲ ಚೀಲವನ್ನೂ ಇಳಿಸದೆ ಖಾಲಿ ಮಾರ್ಕರ್ ಪೆನ್ನೊಂದನ್ನು ಮೇಜಿನ ಮೇಲಿಟ್ಟಳು. ಒಳಗಿನ ಶಾಯಿಬತ್ತಿ ತೆಗೆದು, ಗುಂಡಿ ಕೂರಿಸಲು ಪಕ್ಕಕ್ಕೆ ತೂತು ಕೊರೆದಿತ್ತು.

ಉಮಾನಾಥ ಯಾರದೋ ಟಿವಿಯ ಬೆನ್ನು ಬಿಚ್ಚಿ ಕೂತಿದ್ದ. ಯಡ್ತರೆಯ ಮನೆಯ ಮುಂದಿನ ಕೋಣೆಯೇ ಅವನ ರಿಪೇರಿ ಅಂಗಡಿ. ಹೆಂಡತಿ ಉಪ್ಪುಂದದ ಕಡೆಯ ಶಾಲೆಯೊಂದರಲ್ಲಿ ಟೀಚರು.

"ಎಂತಕ್ಕೆ?"

"ರತೀಶ್ ಸರ್ ಬೋರ್ಡಿಗೆ ಪೆನ್ ಮಾಡ್ತ್ರ್. ಪ್ರೊಜೆಕ್ಟರಿನ ಚಿತ್ರದ್ ಮೇಲೆ ಇದನ್ನ್ ಒತ್ತಿ ಹಿಡ್ದ್ರೆ, ಬಲ್ಬಿನ ಬೆಳ್ಕ್ ಎದ್ರಿನ ಕ್ಯಾಮೆರಕ್ಕೆ ಕಾಂತ್. ಕೈ ಹೋದಲ್ಲೆಲ್ಲ ಗೆರೆ ಬತ್ತ್. ಮಕ್ಳೇ ಬಂದ್ ಬರೀಲಕ್ಕ್. ನಾಳೆ ತೋರ್ಸ್ತೊ ಅಂದ್ ಮಕ್ಳಿಗೆ ಹೇಳಿಯೂ ಆಯ್ತ್."

ರತೀಶ್ ಸರ್! ಜೂನ್‌ನಲ್ಲಿ ಬ್ರಹ್ಮಾವರದಿಂದ ಅವಳ ಶಾಲೆಗೆ ವರ್ಗವಾಗಿ ಬಂದ ಮೇಲೆ ಆ ಹೆಸರು ಈ ಮನೆಗೆ ಉಪ್ಪಿನ ಹಾಗೆ, ಅದು ಬೀಳದೆ ಊಟವೇ ಇಲ್ಲ. ರತೀಶ್ ಸರ್ ಮಕ್ಕಳಿಗೆ ಹಾಗೆ ಹೇಳಿದರು, ರತೀಶ್ ಸರ್ ಬುತ್ತಿಯ ಬಂಗಡೆ ಹಂಚಿದರು. ಒಮ್ಮೆ ಬಸ್ಸು ತಪ್ಪಿದ ದಿನ ರತೀಶನ ಬೈಕಿನಿಂದ ಇಳಿಯುವಾಗ ಅವಳು ನಗುತ್ತಿದ್ದಳು. ಯಾಕೆ ನಕ್ಕೆ ಎಂದು ಕೇಳಲು ಉಮಾನಾಥನಿಗೆ ಬಾಯಿ ಬರಲಿಲ್ಲ, ಕೇಳದೆ ಇರಲು ಹೊಟ್ಟೆ ಬಿಡಲಿಲ್ಲ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುವ ಗಾದೆಯನ್ನು ಅವನೇ ಎಷ್ಟೋ ಗಿರಾಕಿಗಳಿಗೆ ಹೇಳಿದ್ದ. ಆದರೆ ಗಾದೆ ಗೊತ್ತಿದ್ದ ಮಾತ್ರಕ್ಕೆ ಕಾಮಾಲೆ ಬಿಡುತ್ತದೆಯೇ?

"ಅಷ್ಟೆಲ್ಲ ಗೊತ್ತಿಪ್ಪವ್ರಿಗೆ ಬೆಸುಗೆ ಹಾಕೂಕೆ ಬತ್ತಿಲ್ಯಾ?"

"ಇಲ್ಲೆ ಅಂಬ್ರ್. 'ಬೆಸುಗೆಗೆ ನಿಮ್ ಯಜಮಾನ್ರ್ ಇದ್ರಲ್ಲೆ' ಅಂದ್ರ್" ಎಂದವಳು ಖುಷಿಯಿಂದ ಒಳಗೆ ಹೋದಳು. ಅಡುಗೆಮನೆಯಿಂದ ಅವಳು ಗುನುಗುವುದು ಕೇಳಿಸಿತು. ಮೊದಲು ಹೀಗೆ ಗುನುಗುತ್ತಿದ್ದಳೇ ಎಂದು ಅವನು ನೆನಪು ಮಾಡಿಕೊಳ್ಳಲು ನೋಡಿದ.

ಹಾಳು ರಿಮೋಟುಗಳ ಡಬ್ಬಿಯಿಂದ ಒಂದನ್ನು ಒಡೆದು ಉಮಾನಾಥ ಅದರ ಮೂತಿಯ ಪುಟ್ಟ ದೀಪವನ್ನು ಕಿತ್ತ. ಗಾಜಿನ ಕಾಳಿನಷ್ಟು ಇತ್ತು. ಅದರ ಬೆಳಕು ಮನುಷ್ಯರ ಕಣ್ಣಿಗೆ ಕಾಣುವಂಥದ್ದಲ್ಲ. ಉರಿದರೂ ಒಂದೇ, ಸತ್ತರೂ ಒಂದೇ. ಈ ಯೋಚನೆ ಬಂದದ್ದೇ ತಡ, ಕೈ ತಾನಾಗಿ ಆ ದೀಪ ತಾಳಲಾರದ ಒಂಬತ್ತು ವೋಲ್ಟಿನ ಬ್ಯಾಟರಿಯತ್ತ ಹೋಯಿತು. ದೀಪದ ಎರಡು ಕಾಲುಗಳನ್ನು ನೇರ ಅದಕ್ಕೆ ಒತ್ತಿ ಹಿಡಿದ. ಶಬ್ದವಿಲ್ಲ, ಹೊಗೆಯಿಲ್ಲ. ಬೆರಳಿಗೆ ಸ್ವಲ್ಪ ಬಿಸಿ ತಾಗಿತು, ಅಷ್ಟೆ.

ಆಮೇಲೆ ಆ ಸತ್ತ ದೀಪವನ್ನು ಬಹಳ ಅಚ್ಚುಕಟ್ಟಾಗಿ ಪೆನ್ನಿಗೆ ಕೂರಿಸಿದ. ಗುಂಡಿ, ಸೆಲ್ಲು, ತಂತಿ ಎಲ್ಲವೂ ಹೊಸತು. ರತೀಶ್ ಬಿಚ್ಚಿ ನೋಡಿದರೂ ಒಂದು ಕೊಂಕು ಸಿಗಬಾರದು ಎಂದು ಬೆಸುಗೆಯ ಗಂಟುಗಳನ್ನು ಅರದಿಂದ ಉಜ್ಜಿ ನಯ ಮಾಡಿದ.

ಮಾರನೆಯ ದಿನ ಅವನಿಗೆ ಕೆಲಸ ಸಾಗಲಿಲ್ಲ. ಮಕ್ಕಳ ಎದುರು ರತೀಶ್ ಗುಂಡಿ ಒತ್ತಿ ಒತ್ತಿ ಬೆವರುವುದನ್ನು ಕಣ್ಣೆದುರು ತಂದುಕೊಂಡು ನಕ್ಕ. ಗಿರಾಕಿಯೊಬ್ಬ "ಎಂತ ಮಾರಾಯ್ರೆ, ಒಬ್ರೇ ನೆಗಾಡ್ತ್ರಿ?" ಎಂದಾಗ ಟಿವಿಯ ಬೆನ್ನಿಗೆ ಮುಖ ಬಗ್ಗಿಸಿದ.

ಸಂಜೆ ಶ್ರೀಲತಾ ಬಸ್ಸಿಳಿದು ಬಂದಳು. ಪೆನ್ನನ್ನು ಮೇಜಿನ ಮೇಲಿಟ್ಟಳು.

"ಆಯ್ತಾ?" ಎಂದ, ಆದಷ್ಟು ಹಗುರವಾಗಿ.

"ಇಲ್ಲೆ. ರತೀಶ್ ಸರ್ ಬಿಚ್ಚಿ ಕಂಡ್ರ್. ಇಷ್ಟ್ ಚೆಂದದ ಬೆಸುಗೆ ಕಂಡದ್ದೇ ಇಲ್ಲೆ ಅಂದ್ರ್. ಮಕ್ಳಿಗೂ ತೋರ್ಸ್ರ್."

ಉಮಾನಾಥ ಪೆನ್ನನ್ನು ಕೈಗೆತ್ತಿಕೊಂಡ. "ಮತ್ತೆ ಯಾಕ್ ಆಯ್ಲಿಲ್ಲೆ ಅಂಬ್ರ್?"

"ಬಸ್ಸಲ್ಲಿ ನನ್ ಕೈಯಿಂದ ಬಿತ್ತ್ ಅಂದ್ ಹೇಳ್ದೆ."

"ಬಿತ್ತಾ?"

"ಇಲ್ಲೆ." ಅವಳು ಅವನನ್ನೇ ನೋಡಿದಳು. "ಬೆಳಿಗ್ಗೆ ಬಸ್ಸಲ್ಲೇ ಗುಂಡಿ ಒತ್ತಿ ಕಂಡಿದೆ, ಸೆಲ್ಫಿ ಕ್ಯಾಮೆರದಗೆ. ಬಲ್ಬ್ ಉರಿಲಿಲ್ಲೆ. ಹಾಂಗೆ ಕಾಂಬುಕೆ ಹೇಳಿಕೊಟ್ಟದ್ದ್ ನೀವೇ ಅಲ್ದಾ?"

ಹೌದು, ಅವನೇ. ಮದುವೆಯ ಹೊಸತರಲ್ಲಿ ರಜೆಯ ದಿನ ಅವಳು ಅಂಗಡಿಯಲ್ಲಿ ಕೂರುತ್ತಿದ್ದಳು. ಗಿರಾಕಿಗಳ ರಿಮೋಟು ಹಿಡಿದು, ಮೊಬೈಲಿನ ಪರದೆಯಲ್ಲಿ ನೇರಳೆ ಚುಕ್ಕಿ ಕಂಡಾಗಲೆಲ್ಲ ಮಗುವಿನ ಹಾಗೆ ಕೂಗುತ್ತಿದ್ದಳು. ಅಸೂಯೆಯ ಗಡಿಬಿಡಿಯಲ್ಲಿ ಅದೊಂದು ಅವನಿಗೆ ನೆನಪಾಗಿರಲಿಲ್ಲ.

"ಹಳೇ ಬಲ್ಬ್ ಅಲ್ದಾ, ಹಾಳಾದ್ದ್ ಇರೂಕೂ ಸಾಕ್..."

"ಪರೀಕ್ಷೆ ಮಾಡ್ದೆ ಒಂದ್ ಸ್ಕ್ರೂ ಸಹ ನೀವ್ ಗಿರಾಕಿಗೆ ಕೊಟ್ಟವ್ರಲ್ಲ" ಎಂದಳು. ಧ್ವನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಅನ್ನಿಸಿತು. ಜಗಳವಾದರೂ ಆಗುತ್ತಿತ್ತು.

ಶ್ರೀಲತಾ ರಿಮೋಟಿನ ಡಬ್ಬಿಯನ್ನು ತನ್ನತ್ತ ಎಳೆದುಕೊಂಡು ಮೇಜಿನ ಆಚೆ ಬದಿಯಲ್ಲಿ, ಗಿರಾಕಿಗಳ ಸ್ಟೂಲಿನಲ್ಲಿ ಕೂತಳು. ಒಂದು ದೀಪ ಕಿತ್ತು ಸೆಲ್ಲಿಗೆ ತಾಗಿಸಿ, ಮೊಬೈಲನ್ನು ಮುಖಕ್ಕೆ ಎದುರಾಗಿ ಹಿಡಿದು ನೋಡಿದಳು. ಬದಿಗಿಟ್ಟಳು. ಇನ್ನೊಂದು ತೆಗೆದಳು. ಈ ಸಲ ಕೈ ಅಲ್ಲೇ ನಿಂತಿತು.

"ಉರಿತಿತ್ತಾ?" ಎಂದು ಉಮಾನಾಥ ಮೆಲ್ಲಗೆ ಕೇಳಿದ.

ಅವಳು ಮೊಬೈಲನ್ನು ಅವನ ಕಡೆ ತಿರುಗಿಸಲಿಲ್ಲ. ಅವನು ಕೂತಲ್ಲಿಂದ ಕಾಣುತ್ತಿದ್ದುದು ಮೊಬೈಲಿನ ಕಪ್ಪು ಬೆನ್ನು, ಅದರ ಪಕ್ಕ ಅವಳ ಬೆರಳ ತುದಿಯಲ್ಲೊಂದು ಗಾಜಿನ ಕಾಳು.